ಎಲ್ಲಿ ಹೋದವು ಅಜ್ಜಿಯ ಹಾಡುಗಳು?

ಅಕ್ಕ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. "ನಿನ್ನ ಸರ್ವರ್‌ನಲ್ಲಿ ಅಜ್ಜಿ ಹಾಡು ಒಂದೂ ಇಲ್ವಲ್ಲೋ..."

ಹೋದ ತಿಂಗಳು ಬಂದಿದ್ದಾಗ, ಅಜ್ಜಿ ಹಾಡಿದ್ದ ಸೋಬಾನೆ ಪದಗಳ ಹನ್ನೊಂದು ಕ್ಯಾಸೆಟ್‌ಗಳನ್ನು ನಮ್ಮನೆಯಲ್ಲೇ ಕೂತು ಕಂಪ್ಯೂಟರಿಗೆ ಇಳಿಸಿದ್ದಳು. ಅವಳ ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ, ನನ್ನ ಸರ್ವರ್‌ಗೆ ಹಾಕಿ ಅಲ್ಲಿಂದ ಅಳಿಸಿಬಿಟ್ಟಿದ್ದಳು. ಏಳನೇ ಕ್ಯಾಸೆಟ್‌ನ ಟೇಪು ಆಮೇಲೆ ತುಂಡಾಗಿಯೂ ಹೋಗಿತ್ತು. ಅಜ್ಜಿ ಈಗಿಲ್ಲ.

ನನ್ನ ಸರ್ವರ್ ಅಂದರೆ ಒಂದು ಹಳೇ ಡೆಸ್ಕ್‌ಟಾಪ್. ಅದರಲ್ಲಿ ಕೆವಿಎಂ, ಅದರೊಳಗೊಂದು ಡೆಬಿಯನ್ ವರ್ಚುವಲ್ ಮೆಶಿನ್. ದೊಡ್ಡ ಡಿಸ್ಕ್ ಇರೋದು ಹೊರಗಿನ ಹೋಸ್ಟ್‌ನಲ್ಲಿ, ಅದು ಎನ್‌ಎಫ್‌ಎಸ್ ಮೂಲಕ ಒಳಗಿನ ಮೆಶಿನ್‌ಗೆ ಬಂದು, ಅಲ್ಲಿಂದ ಸಾಂಬಾ ಮೂಲಕ ಮನೆಯವರಿಗೆಲ್ಲ ಸಿಗುತ್ತದೆ. ಇಷ್ಟು ಸುತ್ತಿ ಬಳಸಿ ಯಾಕೆ ಅಂತ ಕೇಳಬೇಡಿ, ಕಲಿಯುವ ಚಪಲ :-)

ಮೊದಲು ಬೈದದ್ದು ಸಾಂಬಾಗೆ. (ಎಸ್, ಎಂ, ಬಿ ಅಕ್ಷರಗಳಿರೋ ಪದ ಹುಡುಕಿ ಆಂಡ್ರ್ಯೂ ಟ್ರಿಡ್ಜೆಲ್ ಇಟ್ಟ ಹೆಸರಂತೆ ಅದು. ನಮ್ಮ ಕಡೆ ಆಗಿದ್ರೆ ಸಾಂಬಾರು ಅಂತಿಡಬಹುದಿತ್ತು.) ಅನುಮತಿಗಳು ಸರಿ ಇದ್ದವು. 445ನೇ ಪೋರ್ಟ್ ತೆರೆದಿತ್ತು. ಲಾಗ್‌ನಲ್ಲಿ ಒಂದು ದೂರೂ ಇಲ್ಲ. ಫೋಲ್ಡರ್‌ನಲ್ಲಿ ನನ್ನ ಹಳೇ ಫೋಟೋಗಳೆಲ್ಲ ಇವೆ, ಹಾಡು ಮಾತ್ರ ಇಲ್ಲ. ಅಕ್ಕನನ್ನು ಕೇಳಿದೆ, "ಹಾಕುವಾಗ ಫೋಟೋ ಕಾಣ್ತಿತ್ತಾ?" "ಇಲ್ವಲ್ಲ, ಖಾಲಿ ಇತ್ತು. ನಂಗೆ ಅಂತ ಹೊಸದು ಮಾಡಿದೀಯ ಅಂದ್ಕೊಂಡೆ."

ಈ ಮಾತು ಆಗಲೇ ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ. ಎರಡು ತಿಂಗಳ ಹಿಂದಿನ ಸ್ನ್ಯಾಪ್‌ಶಾಟ್‌ಗೆ ಇಡೀ ಮೆಶಿನ್ ವಾಪಸ್ ಒಯ್ಯೋಣ ಅಂತ ಬೆರಳು ಎಂಟರ್ ಕೀ ಮೇಲಿತ್ತು. ಅದಕ್ಕೆ ಮುಂಚೆ ಸುಮ್ಮನೆ ಡಿಎಫ್ ಕೊಟ್ಟೆ. ಒಳಗಿನ ಮೆಶಿನ್‌ನ 20 ಜಿಬಿ ಡಿಸ್ಕ್‌ನಲ್ಲಿ 18 ಜಿಬಿ ಭರ್ತಿ. ಡಿಯು ಕೊಟ್ಟು ಕೂಡಿಸಿದರೆ 11 ಮಾತ್ರ. ಅಳಿಸಿಯೂ ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿರೋ ಫೈಲು ಇರಬಹುದಾ ಅಂತ ನೋಡಿದೆ, ಅದೂ ಇಲ್ಲ. ಉಳಿದ 7 ಜಿಬಿ ಎಲ್ಲಿ?

ಒಂದು ಗಂಟೆಯ ಕ್ಯಾಸೆಟ್ಟು, ವೇವ್ ಫೈಲಾದರೆ ಸುಮಾರು 635 ಎಂಬಿ. ಹನ್ನೊಂದರಿಂದ ಗುಣಿಸಿ. ಮೈ ಜುಂ ಅಂತು ಮಾರಾಯ್ರೆ!

ಆಗಿದ್ದಿಷ್ಟು. ಅಕ್ಕ ಬಂದ ದಿನವೇ ಕರೆಂಟು ಹೋಗಿ ಬಂತು. ಹೋಸ್ಟ್‌ನ ಎನ್‌ಎಫ್‌ಎಸ್ ಏಳುವ ಮೊದಲೇ ಒಳಗಿನ ಮೆಶಿನ್ ಎದ್ದು, ಕಾದು ಸಾಕಾಗಿ, ಮೌಂಟ್ ಬಿಟ್ಟುಕೊಟ್ಟು ಮುಂದೆ ಹೋಯಿತು. ಬೂಟ್ ಅರ್ಧಕ್ಕೇ ನಿಲ್ಲುತ್ತೆ ಅಂತ ಎಫ್‌ಎಸ್‌ಟ್ಯಾಬ್‌ನಲ್ಲಿ ನೋಫೇಲ್ ಅಂತ ಬರೆದಿದ್ದ ಜಾಣ ನಾನೇ. ಸಾಂಬಾಕ್ಕೇನು ಗೊತ್ತು ಪಾಪ, ಬರಿಯ ಖಾಲಿ ಡೈರೆಕ್ಟರಿಯನ್ನೇ ಹಂಚಿತು. ಹಾಡುಗಳೆಲ್ಲ ಆ ಸಣ್ಣ ಡಿಸ್ಕ್‌ಗೇ ಬಿದ್ದವು. ಅಕ್ಕ ಊರಿಗೆ ಹೋದಮೇಲೆ ನಾನು ಕರ್ನಲ್ ಅಪ್‌ಡೇಟ್ ಅಂತ ರೀಬೂಟ್ ಮಾಡಿದೆ. ಈ ಸಲ ಮೌಂಟ್ ಸರಿಯಾಗಿ ಆಯಿತು, ಹಾಡುಗಳ ಮೇಲೆ ಚಾಪೆ ಹಾಸಿದ ಹಾಗೆ! ಚಾಪೆ ಕೆಳಗಿರೋದು ಡಿಯುಗೆ ಕಾಣೋದಿಲ್ಲ, ಡಿಎಫ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೆ. ಸ್ನ್ಯಾಪ್‌ಶಾಟ್‌ಗೆ ಹೋಗಿದ್ದರೆ ಎಲ್ಲ ಅಳಿಸಿಹೋಗುತ್ತಿತ್ತು.

ರೂಟ್ ಡಿಸ್ಕನ್ನು ಇನ್ನೊಂದು ಕಡೆ ಬೈಂಡ್ ಮೌಂಟ್ ಮಾಡಿ ನೋಡಿದೆ. ಇದ್ದವು, ಹನ್ನೊಂದೂ.

ಈಗ ಸಾಂಬಾದ ಸಿಸ್ಟಂಡಿ ಫೈಲ್‌ನಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಸೇರಿಸಿದ್ದೇನೆ, ಮೌಂಟ್ ಆಗದಿದ್ದರೆ ಸಾಂಬಾ ಏಳುವುದೇ ಇಲ್ಲ. ಕೆಳಗಿನ ಖಾಲಿ ಡೈರೆಕ್ಟರಿಗೆ ಚ್ಯಾಟರ್‌ನಿಂದ ಪ್ಲಸ್ ಐ ಹಾಕಿದೆ, ಇನ್ನು ರೂಟ್ ಬಂದರೂ ಅದರಲ್ಲಿ ಬರೆಯಲಾಗದು.

ಅಕ್ಕನಿಗೆ ಫೋನ್ ಮಾಡಿ ಏಳನೇ ಕ್ಯಾಸೆಟ್ ಹಾಕಿದೆ. ಹಾಡಿನ ನಡುವೆ ಅಜ್ಜಿ ಕೆಮ್ಮಿ, "ನೀರು ಕೊಡೇ" ಅಂತಾಳೆ. ಆ ಕಡೆ ಅಕ್ಕ ಏನೂ ಮಾತಾಡಲಿಲ್ಲ.