ಸೀಟಿ ಹೊಡೆದ ಕಾರು

ನಮ್ಮ ಮನೆಯ ಕಾರು ಸೀಟಿ ಹೊಡೆಯಲು ಕಲಿತದ್ದು 2022ರ ದಸರಾ ರಜೆಯಲ್ಲಿ. ಕಲಿಸಿದವನು ನನ್ನ ಮಗ. ಕಲಿಯಲಿ ಬಿಡು ಎಂದು ಸುಮ್ಮನಿದ್ದವನು ನಾನು. ಈ ಎರಡನೆಯ ಮಾತನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಕಾರು ಅಂಥ ದೊಡ್ಡದೇನಲ್ಲ. ಚಿಕ್ಕೋಡಿಯಂಥ ಊರಿನ ಹೈಸ್ಕೂಲು ಮಾಸ್ತರನೊಬ್ಬ ಸಾಲ ಮಾಡಿ ಕೊಳ್ಳಬಹುದಾದ ಸೆಕೆಂಡ್ ಹ್ಯಾಂಡ್ ಡಿಸೈರ್, ಡೀಸೆಲ್ಲಿನದು. ಒಳಗಿರುವುದು ಫಿಯಟ್ ವಿನ್ಯಾಸದ 1,248 ಸಿಸಿ ಎಂಜಿನ್. ಒಂದು ಕಾಲಕ್ಕೆ ಮಾರುತಿ, ಟಾಟಾ, ಫಿಯಟ್ ಮೂರೂ ಕಂಪನಿಗಳ ಕಾರುಗಳಲ್ಲಿ ಇದೇ ಎಂಜಿನ್ ಇರುತ್ತಿದ್ದುದರಿಂದ, ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಊರಿನ ಮಿಸ್ತ್ರಿಯಾದರೂ ಇದನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲ.

ಈ ಎಂಜಿನ್ನಿಗೆ ಒಂದು ಟರ್ಬೊ ಇದೆ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಎಂಜಿನ್ ಉಗುಳುವ ಬಿಸಿ ಹೊಗೆ ವ್ಯರ್ಥವಾಗಿ ಹೋಗುತ್ತದಲ್ಲ, ಅದು ಹೋಗುವ ದಾರಿಯಲ್ಲೊಂದು ಪುಟ್ಟ ಚಕ್ರ. ಅದೇ ಅಚ್ಚಿಗೆ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರ. ಹೊಗೆ ಮೊದಲನೆಯದನ್ನು ತಿರುಗಿಸಿದರೆ ಎರಡನೆಯದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತವೆ. ನಮ್ಮ ಹೊಲದ ಪಂಪ್‌ಸೆಟ್ಟಿನ ಮೋಟಾರು ಮೂರು ಸಾವಿರದ ಒಳಗೇ ಸುಸ್ತಾಗುತ್ತದೆ ಎಂಬುದನ್ನು ನೆನೆದರೆ ಈ ಲೆಕ್ಕ ಸ್ವಲ್ಪ ಅರ್ಥವಾದೀತು.

ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಗ ದಸರಾ ರಜೆಗೆ ಬಂದವನು ಒಂದು ರಟ್ಟಿನ ಡಬ್ಬಿ ತಂದಿದ್ದ. ಒಳಗೆ ಕೆಂಪು ಬಣ್ಣದ, ಶಂಖದಾಕಾರದ ಒಂದು ಫಿಲ್ಟರು, ಥಳಥಳಿಸುವ ಒಂದು ಅಲ್ಯುಮಿನಿಯಂ ಪೈಪು. ಎಂಟು ಸಾವಿರ ಕೊಟ್ಟನಂತೆ.

“ಅಪ್ಪಾ, ಎಂಜಿನ್ ಅಂದ್ರ ಉಸಿರಾಡೂ ಯಂತ್ರ ನೋಡು. ಕಂಪನಿಯವರು ಅದರ ಮೂಗಿಗೆ ಅರಿವಿ ಕಟ್ಟ್ಯಾರ. ಅದನ್ನ ಬಿಚ್ಚಿ ಇದನ್ನ ಹಾಕಿದ್ರ ಗಾಡಿ ಹೆಂಗ ಓಡತೈತಿ ನೋಡಂತಿ.”

ಪಡಸಾಲೆಯಲ್ಲಿ ಮೆಂತ್ಯ ಸೋಸುತ್ತ ಕುಳಿತಿದ್ದ ಅವ್ವ ತಲೆ ಎತ್ತದೆ ಕೇಳಿದಳು: “ಅರಿವಿ ಯಾಕ ಕಟ್ಟ್ಯಾರಂತ ಕೇಳಿಯೇನು ಅವ್ರನ್ನ?”

ನಾವಿಬ್ಬರೂ ನಕ್ಕೆವು. ಅವ್ವನಿಗೆ ಕಾರಿನ ವಿಷಯ ಏನು ಗೊತ್ತು!

ಅವ್ವನಿಗೆ ಗೊತ್ತಿದ್ದುದು ಬೇರೆ. ಅವಳ ತವರು ನಿಪ್ಪಾಣಿ. ಮದುವೆಗೆ ಮುಂಚೆ ತಂಬಾಕಿನ ವಖಾರಿಯಲ್ಲಿ ಆರು ವರ್ಷ ಜರಡಿ ಹಿಡಿದವಳು. ನಿಪ್ಪಾಣಿಯ ತಂಬಾಕೆಂದರೆ ಬೀಡಿ ತಂಬಾಕು. ಅದನ್ನು ಕುಟ್ಟಿ, ಸಾಣಿಸಿ, ಕಡ್ಡಿ ಬೇರೆ ಪುಡಿ ಬೇರೆ ಮಾಡುವ ಕೆಲಸವೆಲ್ಲ ಹೆಣ್ಣುಮಕ್ಕಳದು. 1981ರಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತದ್ದನ್ನು, ಪೊಲೀಸರ ಗುಂಡಿಗೆ ಜೀವ ತೆತ್ತದ್ದನ್ನು ಎಲ್ಲರೂ ಬಲ್ಲರು. ವಖಾರಿಯ ಒಳಗೆ ಸೀರೆಯ ಸೆರಗಿನಿಂದ ಮೂಗು ಬಾಯಿ ಬಿಗಿದುಕೊಂಡು ಕೆಮ್ಮುತ್ತ ಕುಳಿತವರ ಸುದ್ದಿ ಯಾವ ಪೇಪರಿನಲ್ಲೂ ದೊಡ್ಡದಾಗಿ ಬಂದುದನ್ನು ನಾನು ಕಾಣೆ. ಅವ್ವನಿಗೆ ಐವತ್ತು ದಾಟಿದ ಮೇಲೆ ಉಬ್ಬಸ ಹತ್ತಿತು. ಚಳಿಗಾಲ ಬಂದರೆ ರಾತ್ರಿ ಗೋಡೆಗೆ ಒರಗಿ ಕುಳಿತೇ ನಿದ್ದೆ.

ಅಂಗಳದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಎಂಜಿನ್ನಿನ ಮೇಲಿದ್ದ ಕರಿಯ ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ಅದರೊಳಗಿನ ಮಡಿಕೆ ಮಡಿಕೆಯ ಕಾಗದದ ಫಿಲ್ಟರನ್ನೂ ಬಿಚ್ಚಿ ತೆಗೆದ. ಬರುವ ಗಾಳಿಯನ್ನು ಅಳೆಯುವ ಸೆನ್ಸರನ್ನು ಹಳೆಯ ಕೊಳವೆಯಿಂದ ಕಿತ್ತು ಹೊಸ ಪೈಪಿಗೆ ಸಿಕ್ಕಿಸಿದ. ಟರ್ಬೊದ ಬಾಯಿಗೆ ರಬ್ಬರ್ ಹೋಸು, ಅದರ ಮೇಲೊಂದು ಕ್ಲಿಪ್ಪು. ನಾನು ಬ್ಯಾಟರಿ ಹಿಡಿದು ನಿಂತಿದ್ದೆ. ಬ್ಯಾಡ ಅನ್ನಲಿಲ್ಲ.

ಸಂಜೆ ತವಂದಿ ಘಾಟಿನವರೆಗೆ ಹೋಗಿ ಬಂದೆವು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಾನೆಟ್ಟಿನೊಳಗಿನಿಂದ ‘ಸುಂಯ್’ ಎಂಬ ಸೀಟಿ. ಟರ್ಬೊ ಮೊದಲೂ ಹಾಗೆಯೇ ಕೂಗುತ್ತಿತ್ತಂತೆ, ಆ ಪ್ಲಾಸ್ಟಿಕ್ ಪೆಟ್ಟಿಗೆ ಅದರ ದನಿಯನ್ನು ನುಂಗುತ್ತಿತ್ತು, ಅಷ್ಟೆ. ಗಾಡಿ ನಿಜವಾಗಿ ಜೋರಾಗಿ ಓಡಿತೋ ಅಥವಾ ಆ ಸದ್ದಿಗೆ ಓಡಿದಂತೆ ಅನಿಸಿತೋ ದೇವರೇ ಬಲ್ಲ. ನನಗಂತೂ ಇಪ್ಪತ್ತು ವರ್ಷ ಇಳಿದಂತಾಯಿತು. ಮಗ ಕಾಲೇಜಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ, ಬೇಕಿಲ್ಲದಿದ್ದರೂ, ಒಂದು ಸೀಟಿ ಹೊಡೆಸಿಯೇ ಒಳಗೆ ಹೋಗುತ್ತಿದ್ದೆ. ಹುಡುಗರು ಹೊಳ್ಳಿ ನೋಡುತ್ತಿದ್ದರು.

ಆಮೇಲೆ ಕಬ್ಬಿನ ಹಂಗಾಮು ಬಂತು. ಈ ಭಾಗದವರಿಗೆ ಅದನ್ನು ವರ್ಣಿಸಬೇಕಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಉಗಾರ, ಕಾಗವಾಡ, ಎತ್ತ ಹೋದರೂ ಮುಂದೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಮೇಲೆ ಆಕಾಶದಷ್ಟು ಕಬ್ಬು. ಹೊಲದ ಹಾದಿಯಿಂದ ಡಾಂಬರಿಗೆ ಹತ್ತುವಾಗ ಗಾಲಿಗಂಟಿದ ಎರೆಮಣ್ಣು ರಸ್ತೆಯಲ್ಲಿ ಉದುರಿ, ಒಣಗಿ, ಹಿಟ್ಟಾಗಿ, ಎದ್ದು ನಿಲ್ಲುತ್ತದೆ. ನನ್ನ ಕಾರು ಮೂರು ತಿಂಗಳು ಆ ಹಿಟ್ಟನ್ನೇ ಉಸಿರಾಡಿತು.

2023ರ ಜನವರಿಯ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಅವ್ವನ ಉಬ್ಬಸ ಹೆಚ್ಚಾಯಿತು. ಪಂಪು ಹೊಡೆದುಕೊಂಡರೂ ಇಳಿಯಲಿಲ್ಲ. ತುಟಿ ನೀಲಿಯಾಗತೊಡಗಿತ್ತು. ಅವಳನ್ನು ಯಾವಾಗಲೂ ನೋಡುವ ವೈದ್ಯರಿದ್ದದ್ದು ಮಿರಜಿನಲ್ಲಿ. ಸಂಕ್ರಾಂತಿಗೆಂದು ಮಗ ಬಂದಿದ್ದ, ಅವನೇ ಕಾರು ತೆಗೆದ. ಅಂಕಲಿ ದಾಟಿ, ಮಾಂಜರಿಯ ಕೃಷ್ಣಾ ಸೇತುವೆ ದಾಟಿ ಒಂದಷ್ಟು ದೂರ ಹೋಗಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಸೀಟಿ ನಿಂತಿತು. ಗಾಡಿ ಮೂವತ್ತರ ಮೇಲೆ ಏಳಲೊಲ್ಲದು. ಹಿಂದಿನ ಸೀಟಿನಲ್ಲಿ ನನ್ನ ತೋಳಿಗೆ ಒರಗಿದ್ದ ಅವ್ವ ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿ ತೆಗೆದಂತೆ ತೆಗೆಯುತ್ತಿದ್ದಳು. ಅದರದೂ ಒಂದು ಸೀಟಿ ಇತ್ತು. ಆ ಸದ್ದನ್ನು ನಾನು ಮರೆಯಲಾರೆ.

ಎದುರಿನಿಂದ ಖಾಲಿ ಟ್ರೇಲರಿನೊಂದಿಗೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹುಡುಗ ನಮ್ಮ ಅವಸ್ಥೆ ನೋಡಿ ನಿಲ್ಲಿಸಿದ. ಟಾರ್ಚ್ ಬಿಟ್ಟು ಬಾನೆಟ್ಟಿನೊಳಗೆ ಇಣುಕಿದವನೇ, “ಪೈಪ್ ಕಳಚೇತಿ ನೋಡ್ರಿ ಸರ” ಎಂದ. ಟರ್ಬೊದ ಬಾಯಲ್ಲಿದ್ದ ಹೋಸು ಕ್ಲಿಪ್ಪು ಸಡಿಲಾಗಿ ಅರ್ಧ ಹೊರಗೆ ಬಂದಿತ್ತು. ಅದನ್ನು ಒತ್ತಿ ಕೂಡಿಸಿ, ಟೂಲ್ ಬಾಕ್ಸಿನಿಂದ ಹಳೆಯ ಟ್ಯೂಬಿನ ಪಟ್ಟಿ ತೆಗೆದು ಬಿಗಿದು ಕಟ್ಟಿದ. “ಚಾವಿ ಬಂದ್ ಮಾಡಿ ಹೊಳ್ಳಿ ಚಾಲೂ ಮಾಡ್ರಿ” ಎಂದ. ಗಾಡಿ ಎದ್ದಿತು. ಹಣ ಕೊಡಹೋದರೆ, “ಮೊದಲ ಆಯೀನ್ನ ಕರಕೊಂಡ ಹೋಗ್ರಿ” ಎಂದು ಬೈದಂತೆ ಹೇಳಿದ. ಅವನ ಊರು ಹೆಸರು ಕೇಳಲೂ ನಮಗೆ ಪುರಸೊತ್ತಾಗಲಿಲ್ಲ.

ಅವ್ವ ಉಳಿದಳು. ಆಮ್ಲಜನಕ ಹಚ್ಚಿ, ಔಷಧದ ಹೊಗೆ ಕೊಟ್ಟು, ಬೆಳಗಿನ ಜಾವಕ್ಕೆ ಮಾತಾಡುವಂತೆ ಮಾಡಿದರು. ರಾತ್ರಿ ಪಾಳಿಯ ತರುಣ ವೈದ್ಯರು ಕಾಗದ ಬರೆಯುತ್ತ, “ಇವರು ಬೀಡಿ ಸೇದ್ತಿದ್ರೇನ್ರಿ?” ಎಂದು ಕೇಳಿದರು. “ಸೇದಿಲ್ರಿ, ಬೀಡಿ ತಂಬಾಕ ಜರಡಿ ಹಿಡದಾಳ” ಎಂದೆ. ಅವರು ಪೆನ್ನು ನಿಲ್ಲಿಸಿ ಅವ್ವನ ಮುಖ ನೋಡಿದರು.

ಹೊರಗಿನ ಬೆಂಚಿನಲ್ಲಿ ನಾನು ಮಗನನ್ನು ಬೈದೆ. ಇದ್ದವರೆಲ್ಲ ಕೇಳುವಂತೆ ಬೈದೆ. ನಿನ್ನ ಶೋಕಿಗೆ ನಿನ್ನ ಅಜ್ಜಿಯ ಜೀವ ಹೋಗುತ್ತಿತ್ತು ಎಂದೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಶಾಲೆಯ ಗೇಟಿನ ಮುಂದಿನ ಸೀಟಿಯನ್ನು ನಾನೂ ಹೇಳಲಿಲ್ಲ, ಅವನಿಗೆ ಗೊತ್ತೂ ಇರಲಿಲ್ಲ.

ವಾರದ ನಂತರ ಇಬ್ಬರೂ ನಿಪ್ಪಾಣಿಯ ಹಳೆಯ ಮಿಸ್ತ್ರಿಯ ಹತ್ತಿರ ಹೋದೆವು. ಅವರು ಪೈಪು ಬಿಚ್ಚಿ ಒಳಗೆ ಬೆರಳಾಡಿಸಿ ನನ್ನ ಕಣ್ಣ ಮುಂದೆ ಹಿಡಿದರು. ಬೆರಳ ತುದಿಯಲ್ಲಿ ಎಣ್ಣೆ ಬೆರೆತ ಮಣ್ಣು. ಟರ್ಬೊ ಚಕ್ರದ ರೆಕ್ಕೆಗಳ ಅಂಚು ಸವೆದು ಮೊಂಡಾಗಿತ್ತು. “ಲಕ್ಷ ಸುತ್ತ ತಿರುಗೂ ರೆಕ್ಕಿಗೆ ಉಸುಕಿನ ಕಣ ಗುಂಡ ಇದ್ದಂಗ್ರಿ ಮಾಸ್ತರ” ಎಂದರು. ಒಂದೊಂದಾಗಿ ತಪ್ಪು ತೋರಿಸಿದರು. ಹೋಸಿನ ಬಾಯಿ ಬಿಗಿಯಿಲ್ಲದ್ದರಿಂದ ಧೂಳು ಫಿಲ್ಟರಿಗೆ ಸಿಗದೆ ಅಡ್ಡದಾರಿಯಿಂದ ಒಳಗೆ ಹೋಗಿದೆ. ಫಿಲ್ಟರಿಗೆ ಸವರಿದ್ದ ಎಣ್ಣೆ ಹಾರಿ ಸೆನ್ಸರಿನ ಸೂಕ್ಷ್ಮ ತಂತಿಗೆ ಕೂತಿದೆ. ಹೊಸ ಪೈಪಿನ ಅಗಲ ಹಳೆಯದಕ್ಕಿಂತ ಹೆಚ್ಚು, ಆದ್ದರಿಂದ ಗಾಳಿಯ ಲೆಕ್ಕವೇ ಸುಳ್ಳಾಗಿದೆ. ಹಳೆಯ ಪೆಟ್ಟಿಗೆ ಬಂಪರಿನ ಮುಂದಿನ ತಂಪು ಗಾಳಿ ಎಳೆಯುತ್ತಿತ್ತು, ಈ ಶಂಖ ಎಂಜಿನ್ನಿನ ಪಕ್ಕದ ಬಿಸಿಗಾಳಿ ಎಳೆಯುತ್ತದೆ. ಬಿಸಿಗಾಳಿ ತೆಳು, ಅದರಿಂದ ಶಕ್ತಿ ಹೆಚ್ಚುವುದಿಲ್ಲ.

“ಹಂಗಾರ ಇವನ್ನ ಹಾಕಲೇಬಾರದೇನ್ರಿ?” ಎಂದು ಮಗ ಮೆಲ್ಲಗೆ ಕೇಳಿದ.

“ಹಾಕಬಹುದಪಾ. ಅಳತಿ ಸರಿ ಇರೂದ, ಪೆಟಿಗಿ ಇರೂದ ಹಾಕಬೇಕು, ವಾರಕ್ಕೊಮ್ಮೆ ಬಿಚ್ಚಿ ನೋಡಬೇಕು. ಆದ್ರ ಈ ಕಬ್ಬಿನ ಸೀಮ್ಯಾಗ ಆ ಕಾಗದದ ಫಿಲ್ಟರೇ ಚಲೋ. ಅದು ಗಾಳಿ ತಡೀತೈತಿ ಅಂತೀರಿ, ಅದು ತಡಿಯೂದು ಮಣ್ಣು.”

ಟರ್ಬೊದ ಅಚ್ಚು ಇನ್ನೂ ಗಟ್ಟಿ ಇತ್ತು. ಸೆನ್ಸರು ಹೊಸದು ಹಾಕಿ, ಅಟ್ಟದ ಮೇಲಿಂದ ಇಳಿಸಿ ತಂದಿದ್ದ ಹಳೆಯ ಪೆಟ್ಟಿಗೆಯನ್ನು ಕೂಡಿಸಿಕೊಟ್ಟರು. ವಾಪಸು ಬರುವಾಗ ಕಾರಿನಲ್ಲಿ ಸದ್ದಿಲ್ಲ, ನಮ್ಮಿಬ್ಬರಲ್ಲೂ ಮಾತಿಲ್ಲ. ಘಾಟಿನ ಏರಿನಲ್ಲಿ ನಾನೇ ಬಾಯಿ ಬಿಟ್ಟೆ. “ಆ ಸೀಟಿ ನನಗೂ ಭಾಳ ಸೇರಿತ್ತೋ. ದವಾಖಾನ್ಯಾಗ ನಿನಗ ಒಬ್ಬನಿಗೇ ಬೈಬಾರದಿತ್ತು” ಎಂದೆ. ಶಾಲೆಯ ಗೇಟಿನ ಕತೆಯನ್ನೂ ಹೇಳಿದೆ. ಅವನು ರಸ್ತೆಯ ಕಡೆಗೇ ನೋಡುತ್ತ, “ಗೊತ್ತಿತ್ತಪಾ, ನಿನ್ನ ಹುಡುಗೂರು ಹೇಳಿದ್ರು” ಎಂದ. ಅವನಿಗೆ ಎಲ್ಲಾ ಗೊತ್ತಿತ್ತು! ಆ ಬೆಂಚಿನ ಮೇಲೆ ಒಂದು ಮಾತು ಅಂದಿದ್ದರೆ ನಾನು ಎಲ್ಲಿ ಮುಖ ಇಡುತ್ತಿದ್ದೆನೋ. ಅಂದಿರಲಿಲ್ಲ.

ಈಗ ಹಂಗಾಮಿನಲ್ಲಿ ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ತೆಗೆದು ಫಿಲ್ಟರು ನೋಡುವ ಕೆಲಸ ನನ್ನದು. ಮೊದಲ ಸಲ ಅದನ್ನು ಅಂಗಳದಲ್ಲಿ ಕೊಡವಿದಾಗ ಎದ್ದ ಧೂಳು ನೋಡಿ ಅವ್ವ ಬಾಗಿಲಿನಿಂದಲೇ ಸೆರಗು ಮೂಗಿಗೆ ಹಿಡಿದುಕೊಂಡಳು.

“ಇಷ್ಟೂ ಅದರ ಹೊಟ್ಟಿಗೆ ಹೋಗತಿತ್ತೇನೋ?” ಎಂದು ಕೇಳಿದಳು.

ಹೌದೆಂದೆ.

“ಅದಕ್ಕರೆ ಬದಲೀ ಹಾಕಾಕ ಬರತೈತಿ” ಎನ್ನುತ್ತ ಒಳಗೆ ಹೋದಳು. ನಾನು ಹೊಸ ಫಿಲ್ಟರು ತರಲು ಪೇಟೆಗೆ ಹೊರಟೆ.