ಬಣ್ಣದ ಮಾತು ಆಮೇಲೆ

ಮನೆ ಕಟ್ಟಿ ನೋಡು ಎಂದರು ಹಿರಿಯರು. ಕಟ್ಟಲು ಬಂದ ಮೇಸ್ತ್ರಿ ಮೊದಲಿಗೆ ಗೋಡೆಯ ಬಣ್ಣ ಕೇಳುವುದಿಲ್ಲ. ಮನೆಯಲ್ಲಿ ಎಷ್ಟು ಜನ, ಒಲೆ ಯಾವ ಮೂಲೆಗೆ, ದನ ಎಲ್ಲಿ ಕಟ್ಟುತ್ತೀರಿ ಎಂದು ಕೇಳುತ್ತಾನೆ. ಸಂಸ್ಥೆಗೊಂದು ಅಂತರ್ಜಾಲ ತಾಣ ಮಾಡಿಸುವವರೂ ಇಂಥ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡೇ ವಿನ್ಯಾಸಕಾರರ ಮುಂದೆ ಕೂರಬೇಕು. ಆದರೆ ಅನೇಕರು "ಚೆನ್ನಾಗಿರಲಿ, ಚಿತ್ರಗಳು ಓಡಾಡಲಿ" ಎಂದಷ್ಟೇ ಹೇಳಿ ಎದ್ದು ಬರುತ್ತಾರೆ.

ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಲ್ಲಿ ಶಾಲೆಯೊಂದು ತಾಣ ಮಾಡಿಸಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಅದನ್ನು ತೆರೆದು ನೋಡುವವರು ಯಾರು? ಭತ್ತದ ನಾಟಿ ಬಿಟ್ಟು ಬರಲಾಗದ ತಾಯಿ, ದುಡಿಮೆಗೆಂದು ಬೆಂಗಳೂರು ಸೇರಿದ ತಂದೆ. ಅವರಿಗೆ ಬೇಕಾದದ್ದು ಪ್ರವೇಶದ ಕೊನೆಯ ದಿನ, ತರಬೇಕಾದ ದಾಖಲೆ, ವಿದ್ಯಾರ್ಥಿವೇತನದ ವಿವರ, ಕಚೇರಿಯ ದೂರವಾಣಿ ಸಂಖ್ಯೆ. ಅದು ಸಿಗದಿದ್ದರೆ ವಿಚಾರಿಸಲು ಬಂದು ಒಂದು ದಿನದ ಕೂಲಿ ಕಳೆದುಕೊಳ್ಳಬೇಕು. ದಿನಾಂಕವೇ ತಪ್ಪಿದರೆ ಮಗುವಿನ ಒಂದು ವರ್ಷ ಹೋದೀತು.

ಜಗತ್ತಿನ ಮೊದಲ ತಾಣವನ್ನು ರೂಪಿಸಿದವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದ ಟಿಮ್ ಬರ್ನರ್ಸ್-ಲೀ. 1991ರಲ್ಲಿ ಅದು ಲೋಕಕ್ಕೆ ತೆರೆದುಕೊಂಡಾಗ ಪುಟದಲ್ಲಿ ಇದ್ದದ್ದು ಬರೀ ಅಕ್ಷರ. ಇದು ಏನು, ಬಳಸುವುದು ಹೇಗೆ, ಇದರ ಹಿಂದೆ ಯಾರಿದ್ದಾರೆ ಎಂಬುದನ್ನು ಅದು ತಿಳಿಸುತ್ತಿತ್ತು. ಇಂದಿಗೂ ತಾಣದ ಮೊದಲ ಕರ್ತವ್ಯ ಅದೇ.

ಭಾಷೆಯ ಮಾತೂ ಮೊದಲೇ ಆಗಬೇಕು. 1996ರಲ್ಲಿ ಡಾ. ಯು.ಬಿ. ಪವನಜ 'ವಿಶ್ವಕನ್ನಡ' ಆರಂಭಿಸಿದಾಗ ತೆರೆಯ ಮೇಲೆ ಕನ್ನಡ ಮೂಡಿಸುವುದೇ ಸಾಹಸವಾಗಿತ್ತು. ಈಗ ಯುನಿಕೋಡ್ ಇರುವುದರಿಂದ ಸಾಧಾರಣ ಸ್ಮಾರ್ಟ್‌ಫೋನಿನಲ್ಲೂ ಕನ್ನಡ ಓದಬಹುದು. ಆದರೂ ಕನ್ನಡದ ಸೂಚನೆಯನ್ನು ಫೋಟೋ ತೆಗೆದು ಅಂಟಿಸುವ ರೂಢಿ ಹೋಗಿಲ್ಲ. ಆಗ ಹುಡುಕಿದರೆ ಅದು ಸುಲಭವಾಗಿ ಸಿಗದು. ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಎಟುಕದು.

ಹಾಗಾದರೆ ಬರೆದುಕೊಳ್ಳುವುದು ಹೇಗೆ? ವಿದ್ಯಾರ್ಥಿಗಳ ಪ್ರಯೋಗ ಪುಸ್ತಕವೇ ಮಾದರಿ. ಉದ್ದೇಶ: ಯಾರಿಗಾಗಿ, ಏತಕ್ಕಾಗಿ. ಸಾಮಗ್ರಿ: ತಿದ್ದಿದ ಬರಹ, ಪೋಷಕರ ಒಪ್ಪಿಗೆ ಪಡೆದ ಮಕ್ಕಳ ಚಿತ್ರ. ವಿಧಾನ: ಪ್ರತಿ ತಿಂಗಳು ಮಾಹಿತಿ ಬದಲಿಸುವವರು ಯಾರು, ತಾಣದ ಹೆಸರು ಮತ್ತು ಪಾಸ್‌ವರ್ಡ್ ಯಾರ ವಶದಲ್ಲಿ. ಸಂಸ್ಥೆಯ ಕೈಯಲ್ಲಿ ಇವು ಇಲ್ಲದಿದ್ದರೆ ವಿನ್ಯಾಸಕಾರ ಊರು ಬಿಟ್ಟ ದಿನ ತಾಣಕ್ಕೆ ಬೀಗ ಬಿದ್ದಂತೆ. ಕೊನೆಗೆ ಫಲಿತಾಂಶ: ತಾಯಿಯೊಬ್ಬರ ಕೈಗೆ ಅಗ್ಗದ ಫೋನು ಕೊಟ್ಟು ಪ್ರವೇಶದ ದಿನಾಂಕ ಹುಡುಕಲು ಹೇಳಬೇಕು. ಒಂದು ನಿಮಿಷದಲ್ಲಿ ಸಿಕ್ಕರೆ ಪ್ರಯೋಗ ಸಫಲ.

ಈ ಕೆಲಸಕ್ಕೆ ಕಂಪ್ಯೂಟರ್ ಬೇಡ, ಹೆಚ್ಚು ಹಣವೂ ಬೇಡ. ನಾಲ್ಕು ಮಕ್ಕಳು ನೋಟ್‌ಬುಕ್ ಹಿಡಿದು ಹತ್ತು ಮನೆಗೆ ಹೋಗಿ "ಶಾಲೆಯಿಂದ ನಿಮಗೆ ಏನು ತಿಳಿಯಬೇಕು?" ಎಂದು ಕೇಳಿ ಬಂದರೆ ಸಾಕು. ವಿನ್ಯಾಸಕಾರನ ಕೈಗಿಡಬೇಕಾದ ಮೊದಲ ಹಾಳೆ ಅದೇ.