ಕೊಸರು

ಹಳೇ ಮೈಸೂರು ಕಡೆಯ ಸಂತೆಯಲ್ಲಿ ವ್ಯಾಪಾರವೆಂದರೆ ಮೂರು ಘಟ್ಟ: ಬೆಲೆ ಕೇಳುವುದು, ಚೌಕಾಸಿ ಮಾಡುವುದು, ಕೊಸರು ಪಡೆಯುವುದು. ಮೊದಲ ಎರಡಕ್ಕೆ ಬಾಯಿ ಬೇಕು, ಮೂರನೆಯದಕ್ಕೆ ಮುಖ ಸಾಕು. ತಕ್ಕಡಿ ಸಮನಾಗಿ, ಬದನೆಕಾಯಿ ಚೀಲಕ್ಕೆ ಇಳಿದು, ದುಡ್ಡು ಕೊಟ್ಟಾದ ಮೇಲೂ ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದು ನಿಂತರೆ ಮಾರುವವಳಿಗೆ ಅರ್ಥವಾಗುತ್ತಿತ್ತು. ಒಂದು ಕಡ್ಡಿ ಕರಿಬೇವೋ, ನಾಲ್ಕು ಹಸಿಮೆಣಸಿನಕಾಯಿಯೋ ಒಳಗೆ ಬೀಳುತ್ತಿತ್ತು. ಬೀಳದಿದ್ದರೆ ನಮ್ಮಜ್ಜಿ, “ಏನವ್ವಾ, ಕೊಸರು ಹಾಕೋದು ಮರ್ತೇಬಿಟ್ಯಾ?” ಎನ್ನುತ್ತಿದ್ದಳು. “ಬೋಣಿ ಟೇಮಲ್ಲಿ ಹಿಂಗೆ ಸುಲೀಬೇಡಿ ಅಮ್ಮಾರೇ” ಎಂದು ಗೊಣಗುತ್ತಲೇ ಆಕೆಯ ಕೈ ಕೊತ್ತಂಬರಿ ಸೊಪ್ಪಿನತ್ತ ಹೋಗುತ್ತಿತ್ತು. ಬೆಳಗ್ಗೆ ಎಂಟಕ್ಕೆ ಹೋದರೂ ಸಂಜೆ ಆರಕ್ಕೆ ಹೋದರೂ ಇದೇ ಮಾತು. ನಮ್ಮಜ್ಜಿ ಹೋದಾಗಲೆಲ್ಲ ಬೋಣಿಯೇ.

ಅಳತೆ ಯಾವುದಾದರೂ ಅದರಲ್ಲಿ ಕೊಸರಿಗೆ ಜಾಗ ಎಲ್ಲಿದೆಯೆಂದು ಅಜ್ಜಿಗೆ ಗೊತ್ತಿತ್ತು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವುದು ಮಾರಿನ ಲೆಕ್ಕದಲ್ಲಿ, ಎರಡೂ ತೋಳು ಚಾಚಿದಷ್ಟು ಉದ್ದ ಒಂದು ಮಾರು. ಹೂವಿನ ಸಾಲಿನಲ್ಲಿ ಎಲ್ಲರೂ ಮೊಗ್ಗು ನೋಡುತ್ತಿದ್ದರೆ ಅಜ್ಜಿ ಹೂವಾಡಗಿತ್ತಿಯರ ತೋಳು ನೋಡುತ್ತಿದ್ದಳು. ಕಡ್ಲೆಪುರಿ ಕೊಳ್ಳುವಾಗ ಸೇರಿನ ಮೇಲೆ ಎಷ್ಟು ಎತ್ತರಕ್ಕೆ ಗೋಪುರ ನಿಲ್ಲುತ್ತದೆ ಎಂಬುದೇ ಮುಖ್ಯ. ಪಾತ್ರೆಯೊಳಗಿದ್ದದ್ದು ಬೆಲೆಗೆ ಸಂದದ್ದು, ಗೋಪುರ ಮಾತ್ರ ಸ್ನೇಹಕ್ಕೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಇವತ್ತಿಗೂ ಸೇರಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಬೀಳುತ್ತದೆ. ಕಣದಲ್ಲಿ ಧಾನ್ಯ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿಯಿದ್ದ ನಾಡಿನಲ್ಲಿ ಅಳತೆ ಬರೀ ಅಂಕಿಯಾಗಿ ಉಳಿಯುವುದು ಕಷ್ಟ.

ಕೊಸರು ನಮ್ಮೊಬ್ಬರ ಸೊತ್ತಲ್ಲ. ಇಂಗ್ಲೆಂಡಿನ ಬೇಕರಿಯವರು ಡಜನ್‌ಗೆ 13 ರೊಟ್ಟಿ ಕೊಡುತ್ತಿದ್ದರಂತೆ. 13ನೇ ಶತಮಾನದಲ್ಲಿ ಮೂರನೇ ಹೆನ್ರಿಯ ಕಾಲದಲ್ಲಿ ರೊಟ್ಟಿಯ ತೂಕಕ್ಕೆ ಕಾನೂನು ಬಂತು. ತೂಕ ಕಡಿಮೆ ಬಿದ್ದರೆ ದಂಡ. ಆ ದಂಡದ ಹೆದರಿಕೆಗೆ ಒಂದು ರೊಟ್ಟಿ ಹೆಚ್ಚಿಗೆ ಸೇರಿತು ಎನ್ನುತ್ತಾರೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಅಂಗಡಿಗಳಲ್ಲಿ ಕೊನೆಗೊಂದಿಷ್ಟು ಉಚಿತವಾಗಿ ಕೊಡುವ ಪದ್ಧತಿಯನ್ನು ಮಾರ್ಕ್ ಟ್ವೇನ್ ತನ್ನ 1883ರ ಪುಸ್ತಕದಲ್ಲಿ ಮೆಚ್ಚಿ ವರ್ಣಿಸಿದ್ದಾನೆ. ಒಂದು ಕಡೆ ಭಯದ ಕೊಸರು, ಇನ್ನೊಂದು ಕಡೆ ಉಲ್ಲಾಸದ ಕೊಸರು. ನಮ್ಮದು ಎರಡರ ನಡುವೆ, ಗೊಣಗಾಟದ ಕೊಸರು.

ದಿನಸಿಗೆ ಮಾತ್ರ ನಮ್ಮ ಮನೆಯಲ್ಲಿ ಬೇರೆ ಕ್ರಮ. ತಿಂಗಳ ಮೊದಲ ವಾರ ಅಮ್ಮ ಅಡುಗೆಮನೆಯ ಒಂದೊಂದೇ ಡಬ್ಬಿ ತೆಗೆದು, ಅಲ್ಲಾಡಿಸಿ, ಸದ್ದು ಕೇಳಿ ಚೀಟಿ ಬರೆಯುತ್ತಿದ್ದಳು. ತೊಗರಿಬೇಳೆ ಎರಡು ಕೆಜಿ, ಉದ್ದಿನಬೇಳೆ ಒಂದು, ಮೆಂತ್ಯ ನೂರು ಗ್ರಾಂ. ಕಳೆದ ತಿಂಗಳ ಸಾಸಿವೆ ಇನ್ನೂ ಗಲಗಲ ಎನ್ನುತ್ತಿದ್ದರೆ ಈ ತಿಂಗಳ ಚೀಟಿಯಲ್ಲಿ ಸಾಸಿವೆ ಇಲ್ಲ. ಶೆಟ್ಟರ ಅಂಗಡಿಯಲ್ಲಿ ಹುಡುಗ ಆ ಚೀಟಿ ನೋಡಿಕೊಂಡು ಪೊಟ್ಟಣ ಕಟ್ಟುವಾಗ ಅದರಲ್ಲಿಲ್ಲದ್ದು ಯಾವುದೂ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ, ಸಾಮಾನೆಲ್ಲ ಗಲ್ಲಾಪೆಟ್ಟಿಗೆಯ ಹಿಂದಿನ ಕತ್ತಲಲ್ಲಿರುತ್ತಿತ್ತು. ಲೆಕ್ಕ ಚುಕ್ತಾ ಆದ ಮೇಲೆ ಶೆಟ್ಟರು ನನ್ನ ಕೈಗೊಂದು ಬೆಲ್ಲದ ಚೂರು ಹಾಕುತ್ತಿದ್ದರು. ಆ ಬೆಲ್ಲಕ್ಕೆ ಯಾವ ಷರತ್ತೂ ಇರಲಿಲ್ಲ.

ಇದಕ್ಕೆಲ್ಲ ಪೆಟ್ಟು ಬಿದ್ದದ್ದು ಎರಡು ಕಂತಿನಲ್ಲಿ. 1958ರಿಂದ ಮೆಟ್ರಿಕ್ ತೂಕ ಬಂದು ಸೇರು-ಪಾವು ಹಿಂದೆ ಸರಿದಾಗ ಗೋಪುರ ಹೋಯಿತು. ಕಿಲೋ ಬಟ್ಟಿನ ಮೇಲೆ ಗೋಪುರ ಕಟ್ಟುವುದು ಹೇಗೆ? ಆಮೇಲೆ ಪ್ಯಾಕೆಟ್ಟು ಬಂತು. ಮೊದಮೊದಲು ಅದರ ಮೇಲೆ ಬೆಲೆ ಬರೆದು ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಸೇರಿಸುವ ಅವಕಾಶವಿತ್ತು. ಆ ‘ಪ್ರತ್ಯೇಕ’ ಎಷ್ಟೆಂಬುದು ಅಂಗಡಿಯವನ ಬಾಯಲ್ಲಿರುತ್ತಿತ್ತು. 1990ರಲ್ಲಿ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಕಡ್ಡಾಯವಾಯಿತು. ಮೋಸ ತಪ್ಪಿತು, ಜೊತೆಗೆ ಮಾತೂ ತಪ್ಪಿತು. ಅಂಟಿಸಿದ ಪ್ಯಾಕೆಟ್ಟಿನೊಳಕ್ಕೆ ಒಂದು ಹಿಡಿ ಹೆಚ್ಚಿಗೆ ಹಾಕಲು ಶೆಟ್ಟರಿಗೂ ಸಾಧ್ಯವಿರಲಿಲ್ಲ.

ಹೀಗೆ ಕೊಸರು ಹಾಕುವ ಅಧಿಕಾರ ಅಂಗಡಿಯವನ ಕೈಯಿಂದ ಕಾರ್ಖಾನೆಗೆ ಹೋಯಿತು. ಅಮ್ಮನ ಕಾಲಕ್ಕೆ ಬಿನಾಕಾ ಟೂತ್‌ಪೇಸ್ಟಿನ ಡಬ್ಬದಲ್ಲಿ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳು ಬರುತ್ತಿದ್ದವು. 1980ರ ದಶಕದಲ್ಲಿ ತಮಿಳುನಾಡಿನ ಸಿ.ಕೆ. ರಂಗನಾಥನ್ ಚಿಕ್ ಶಾಂಪೂ ಮಾರಲು ಹೊರಟಾಗ, ಯಾವ ಕಂಪನಿಯ ಖಾಲಿ ಸ್ಯಾಷೆಗಳನ್ನು ತಂದುಕೊಟ್ಟರೂ ಒಂದು ಚಿಕ್ ಉಚಿತ ಎಂದರು. ಜನ ಮುಗಿಬಿದ್ದ ಮೇಲೆ, ಚಿಕ್‌ನ ಖಾಲಿ ಸ್ಯಾಷೆ ತಂದರೆ ಮಾತ್ರ ಎಂದು ಬದಲಿಸಿದರು. ಎದುರಾಳಿಯ ಗಿರಾಕಿಯನ್ನು ಮೊದಲು ಕರೆಯುವುದು, ಆಮೇಲೆ ಕಟ್ಟಿಹಾಕುವುದು: ಈ ವಿದ್ಯೆಯನ್ನು ಇದಕ್ಕಿಂತ ಚೊಕ್ಕವಾಗಿ ಯಾವ ಕಾಲೇಜೂ ಕಲಿಸಲಾರದು.

ನನ್ನ ಪಾಲಿಗೆ ಬಂದದ್ದು 1999ರ ಬಿಸ್ಕತ್ತು. ಬ್ರಿಟಾನಿಯಾ ತಿಂದು ವಿಶ್ವಕಪ್‌ಗೆ ಹೋಗಿ ಎಂಬ ಜಾಹೀರಾತು ಆ ವರ್ಷ ಎಲ್ಲೆಲ್ಲೂ. ಪೊಟ್ಟಣದ ಹೊದಿಕೆಯಲ್ಲಿ ಇಷ್ಟು ರನ್ ಎಂದು ಅಚ್ಚಾಗಿರುತ್ತಿತ್ತು, ನೂರು ರನ್ ಕೂಡಿಸಿಕೊಟ್ಟರೆ ಕೆರೆದು ನೋಡುವ ಕೂಪನ್ನಿನ ಪುಸ್ತಕ. ಅತ್ತ ಇಂಗ್ಲೆಂಡಿನಲ್ಲಿ ರಾಹುಲ್ ದ್ರಾವಿಡ್ 461 ರನ್ ಹೊಡೆದು ಟೂರ್ನಿಯಲ್ಲೇ ಮೊದಲಿಗರಾದರೆ ಇತ್ತ ನಮ್ಮ ಬೀದಿಯ ಮಕ್ಕಳೂ ಬಿಸ್ಕತ್ತು ತಿಂದು ರನ್ ಪೇರಿಸುತ್ತಿದ್ದೆವು. ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಬಿಸ್ಕತ್ತಿನ ಬಲವಂತ. ಅಮ್ಮ ಒಂದು ದಿನ ಚೀಟಿ ಬರೆಯುತ್ತಾ ಕೇಳಿದಳು: “ಬಿಸ್ಕತ್ತಿಗೆ ಹೊದಿಕೆ ಫ್ರೀಯೋ, ಹೊದಿಕೆಗೆ ಬಿಸ್ಕತ್ತು ಫ್ರೀಯೋ?”

ಕೂಪನ್ನಿನ ಪೂರ್ವಜನ್ಮ ನೋಡಿದರೆ ಈ ಪ್ರಶ್ನೆ ಅಲ್ಲಿಯೂ ಇದೆ. 1880ರ ದಶಕದ ಕೊನೆಯಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಏಸಾ ಕ್ಯಾಂಡ್ಲರ್ ಎಂಬ ಔಷಧ ವ್ಯಾಪಾರಿ ಕೋಕಾಕೋಲಾ ಕೊಂಡುಕೊಂಡ. ಆ ಕಾಲಕ್ಕೆ ಹಂಚತೊಡಗಿದ ‘ಒಂದು ಲೋಟ ಉಚಿತ’ ಎಂಬ ಚೀಟಿಯೇ ಈಗಿನ ಕೂಪನ್ನುಗಳ ಹಿರಿಯ. 1894ರಿಂದ 1913ರ ನಡುವೆ ಹೀಗೆ 85 ಲಕ್ಷ ಲೋಟ ಪುಕ್ಕಟೆ ಹೋಯಿತೆಂಬುದು ಒಂದು ಅಂದಾಜು. ಬಾಯಾರಿಕೆಯಿದ್ದವರಿಗೆ ನೀರು ಕೊಟ್ಟದ್ದಲ್ಲ, ಇಲ್ಲದಿದ್ದ ಬಾಯಾರಿಕೆಯನ್ನು ಮೊದಲು ಹಂಚಿದ್ದು. 1930ರ ದಶಕದ ಮಹಾ ಆರ್ಥಿಕ ಕುಸಿತ ಬಂದಾಗ ಅದೇ ಕೂಪನ್ನು ಅಲ್ಲಿನ ಗೃಹಿಣಿಯರಿಗೆ ನಿಜವಾದ ಆಸರೆಯೂ ಆಯಿತು. ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಮ್ಮ ಹೋದ ಹೊಸತರಲ್ಲಿ ಫೋನು ಮಾಡಿ, “ಇಲ್ಲಿ ಭಾನುವಾರದ ಪೇಪರ್ ಓದೋಕಲ್ಲ ಕಣೇ, ಕತ್ತರಿಸೋಕೆ” ಎಂದಿದ್ದಳು. ಎಲ್ಲರಿಗೂ ಬೆಲೆ ಇಳಿಸುವ ಬದಲು ಪೇಪರ್ ಕತ್ತರಿಸಲು ಏಕೆ ಹಚ್ಚುತ್ತಾರೆ? ಪುರುಸೊತ್ತು, ತಾಳ್ಮೆ, ದುಡ್ಡಿನ ಅಗತ್ಯ ಇದ್ದವರು ಕತ್ತರಿಸುತ್ತಾರೆ, ಇಲ್ಲದವರು ಪೂರ್ತಿ ಬೆಲೆ ಕೊಡುತ್ತಾರೆ. ಒಂದೇ ಸಾಮಾನು, ಎರಡು ಬೆಲೆ. ಅಜ್ಜಿಯೂ ಸಂತೆಯಲ್ಲಿ ಮಾಡಿದ್ದು ಇದನ್ನೇ, ಗಂಟೆಗಟ್ಟಲೆ ನಿಂತು ಎಂಟಾಣೆ ಇಳಿಸಿದ್ದು. ಕೂಪನ್ನೆಂದರೆ ಬಾಯಿ ಕಟ್ಟಿದ ಚೌಕಾಸಿ.

ಹಾಗಾದರೆ ಕೂಪನ್ನನ್ನು ಕೊಸರಿನ ಸಾಲಿಗೆ ಸೇರಿಸಬಹುದೇ? ಇಲ್ಲಿ ನನ್ನದೊಂದು ತಕರಾರಿದೆ. ಕೊಸರು ಬರುವುದು ವ್ಯಾಪಾರ ಮುಗಿದ ಮೇಲೆ. ನಮಗೆ ಬೇಕಾದ್ದನ್ನು ನಾವೇ ನಿರ್ಧರಿಸಿ, ತೂಗಿಸಿ, ಕೊಂಡಾಗಿದೆ, ಆಮೇಲೆ ಅದು ಹಿಂದಿನಿಂದ ಬಂದು ಸೇರುತ್ತದೆ. ಕೂಪನ್ನು ವ್ಯಾಪಾರಕ್ಕೆ ಮೊದಲೇ ಬಂದು ಕೂತಿರುತ್ತದೆ, ಏನು ಬೇಕೆಂದು ಅದೇ ಹೇಳುತ್ತದೆ. ಇನ್ನು 43 ರೂಪಾಯಿಯ ಸಾಮಾನು ಸೇರಿಸಿದರೆ ಡೆಲಿವರಿ ಉಚಿತ ಎಂದು ಮೊಬೈಲು ತಿಳಿಸಿದಾಗ, 25 ರೂಪಾಯಿ ಉಳಿಸಲು ನಾವು 43 ರೂಪಾಯಿಯ ಕುರುಕಲು ಹುಡುಕುತ್ತೇವೆ. ಹಾಗೆಂದು ಕೂಪನ್ನನ್ನು ಬಿಡಬೇಕಿಲ್ಲ, ಸರದಿ ಬದಲಿಸಿದರೆ ಸಾಕು. ಮೊದಲು ಡಬ್ಬಿ ಅಲ್ಲಾಡಿಸಿ ಚೀಟಿ ಬರೆಯುವುದು. ಚೀಟಿಯಲ್ಲಿರುವುದಕ್ಕೆ ಕೂಪನ್ನಿದ್ದರೆ ಸಂತೋಷ, ಅದಾಗ ಕೊಸರು. ಚೀಟಿಯಲ್ಲಿಲ್ಲದ್ದಕ್ಕೆ ಕೂಪನ್ನಿದ್ದರೆ ಅದು ಜಾಹೀರಾತು.

ಅಪ್ಪಟ ಕೊಸರು ಮೊಬೈಲಿನೊಳಗೂ ಒಮ್ಮೆ ಇಣುಕಿತು. ತರಕಾರಿ ಜೊತೆ ಕೊತ್ತಂಬರಿ ಸೊಪ್ಪಿಗೂ ದುಡ್ಡು ಕೇಳುತ್ತಾರಲ್ಲ ಎಂದು ಗ್ರಾಹಕರೊಬ್ಬರ ತಾಯಿ ಕಂಗಾಲಾದ ಸುದ್ದಿ ಹರಡಿ, 2024ರಲ್ಲಿ ಬ್ಲಿಂಕಿಟ್ ಎಂಬ ದಿನಸಿ ಆ್ಯಪ್ ತರಕಾರಿಯೊಂದಿಗೆ ಕೊತ್ತಂಬರಿಯನ್ನು ಉಚಿತವಾಗಿ ಕೊಡತೊಡಗಿತು. ನಮ್ಮಜ್ಜಿ ಇದ್ದಿದ್ದರೆ ಕರಿಬೇವು ಎಲ್ಲಿ ಎಂದು ಕೇಳುತ್ತಿದ್ದಳು.

ಇದೇ ಕಾಲದಲ್ಲಿ ತಿರುಗು ಕೊಸರೂ ಹುಟ್ಟಿದೆ. ಐದು ರೂಪಾಯಿಯ ಪೊಟ್ಟಣ ಐದು ರೂಪಾಯಿಯದ್ದಾಗಿಯೇ ಇರುತ್ತದೆ, ಒಳಗಿನ ಗ್ರಾಂ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಇದನ್ನು ಹಿಡಿಯಲು ಸರ್ಕಾರ ಒಂದು ಒಳ್ಳೆಯ ಆಯುಧ ಕೊಟ್ಟಿದೆ. ಈಗ ಪ್ಯಾಕೆಟ್ಟಿನ ಮೇಲೆ ಗ್ರಾಂಗೆ, ಮಿಲಿಲೀಟರಿಗೆ ಅಥವಾ ಕೆಜಿಗೆ ಇಷ್ಟು ಎಂಬ ಬಿಡಿ ದರವನ್ನೂ ಅಚ್ಚು ಮಾಡಬೇಕು. ಎಂಆರ್‌ಪಿಯ ಪಕ್ಕದಲ್ಲೇ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ದೊಡ್ಡ ಪ್ಯಾಕು ಅಗ್ಗ ಎಂದು ನಂಬಿದವರಿಗೆ ಅಲ್ಲಿ ಅಚ್ಚರಿ ಕಾದಿರುತ್ತದೆ. ಶಾಂಪೂ ವಿಷಯದಲ್ಲಂತೂ ಬಹಳ ಸಲ ದೊಡ್ಡ ಬಾಟಲಿಗಿಂತ ಸ್ಯಾಷೆಯೇ ಸೋವಿ. ನನ್ನ ಮಗಳು ಆ ದರವನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಕನ್ನಡಕ ಹುಡುಕುವುದು ತಪ್ಪಿದೆ.

ಕೊಸರನ್ನು ಹಕ್ಕಾಗಿಸಿದವರೂ ಇದ್ದಾರೆ. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಮಂದಿ, ಅವರಲ್ಲಿ ಅನೇಕರು ನೇಕಾರರು, ಚಂದಾ ಹಾಕಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಮಾರುವ ಅಂಗಡಿ ತೆರೆದರು. ಬಂದ ಲಾಭವನ್ನು ಯಾರು ಎಷ್ಟು ಕೊಂಡರೋ ಅಷ್ಟರ ಪ್ರಕಾರ ಸದಸ್ಯರಿಗೇ ಹಂಚಿದರು. ನಮ್ಮ ಸಹಕಾರಿ ಜನತಾ ಬಜಾರುಗಳ ಬೇರು ಅಲ್ಲಿದೆ. ಇವತ್ತಿನ ಕೊಸರು ಯಾರ ಪಾಲಾಗುತ್ತಿದೆ ನೋಡಿ. 2022–23ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮನೆಖರ್ಚಿನಲ್ಲಿ ಆಹಾರದ ಪಾಲು ನಗರಗಳಲ್ಲಿ ಶೇ. 39, ಹಳ್ಳಿಗಳಲ್ಲಿ ಶೇ. 46. ಆದಾಯ ಕಡಿಮೆಯಿದ್ದಷ್ಟೂ ಊಟಕ್ಕೆ ಹೋಗುವ ಪಾಲು ಹೆಚ್ಚು ಎಂದು 1857ರಲ್ಲೇ ಜರ್ಮನಿಯ ಅರ್ನ್‌ಸ್ಟ್ ಎಂಗೆಲ್ ತೋರಿಸಿದ್ದ. ಶೇಕಡಾ ಹತ್ತರ ರಿಯಾಯಿತಿ ಸಿಗುವುದು ಮಾತ್ರ ಕ್ರೆಡಿಟ್ ಕಾರ್ಡು ಇರುವವರಿಗೆ. ಸಂತೆಯ ಕರಿಬೇವಿಗೆ ಯಾರೂ ಕಾರ್ಡು ಕೇಳುತ್ತಿರಲಿಲ್ಲ.

ಇನ್ನು ಉಳಿದದ್ದು ಅಮ್ಮನ ಕಥೆ. ದಿನಸಿಗೆಂದು ಅಪ್ಪ ತಿಂಗಳಿಗೊಂದು ಮೊತ್ತ ಕೊಟ್ಟು, ಉದ್ದ ಪುಸ್ತಕದಲ್ಲಿ ‘ದಿನಸಿ’ ಎಂದು ಖರ್ಚು ಬರೆದು ಮುಗಿಸುತ್ತಿದ್ದ. ಚೀಟಿಯ ಜಾಣತನದಿಂದ ಮಿಕ್ಕ ಹತ್ತು-ಇಪ್ಪತ್ತು ರೂಪಾಯಿ ಹಿಂದಕ್ಕೆ ಬರುತ್ತಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಸುದ್ದಿ ಟಿವಿಯಲ್ಲಿ ಬಂತು. ಮಾರನೆಯ ಬೆಳಗ್ಗೆ ಅಮ್ಮ ಸಾಸಿವೆ ಡಬ್ಬಿ ತಂದು ಅಪ್ಪನ ಮುಂದಿಟ್ಟಳು. ಅದರ ಹಿಂದೆ ಮೆಂತ್ಯದ ಡಬ್ಬಿ, ಆಮೇಲೆ ಹಳೆಯ ಹಾರ್ಲಿಕ್ಸ್ ಬಾಟಲಿ. ಚಿಲ್ಲರೆ ಕೂಡಿದಾಗಲೆಲ್ಲ ಐನೂರರ ನೋಟು ಮಾಡಿಕೊಟ್ಟವರು ಶೆಟ್ಟರೇ ಎಂದು ತಿಳಿದಾಗ ಅಪ್ಪನಿಗೆ ಇನ್ನೂ ಆಶ್ಚರ್ಯ. ಸಾಸಿವೆ ಘಮದ ನೋಟುಗಳನ್ನು ಎಣಿಸಿ ಮುಗಿಸಿ ಪುಸ್ತಕ ತೆರೆದು ಕೇಳಿದ: “ಇದನ್ನ ಜಮಾ ಕಡೆ ಬರೀಲಾ, ಖರ್ಚಿನ ಕಡೆ ಬರೀಲಾ?”

“ಖರ್ಚು ಅಂತ ನೀವು ಆಗಲೇ ಬರೆದಾಗಿದೆ. ಅದನ್ನ ಮುಟ್ಟಬೇಡಿ” ಎಂದಳು ಅಮ್ಮ. ದುಡ್ಡು ಆಕೆಯ ಹೆಸರಿನ ಖಾತೆಗೆ ಹೋಯಿತು.

ಈಗಿನ ಬಿಲ್ಲಿನ ತಳದಲ್ಲಿ ‘ನೀವು ಉಳಿಸಿದ್ದು 312 ರೂಪಾಯಿ’ ಎಂದಿರುತ್ತದೆ. ಎಲ್ಲಿದೆ ಆ 312? ಅಮ್ಮನ ಉಳಿತಾಯಕ್ಕೆ ಡಬ್ಬಿಯಿತ್ತು, ಮುಚ್ಚಳವಿತ್ತು, ವಾಸನೆಯೂ ಇತ್ತು. ಹಾಗಾಗಿ ನಾನೊಂದು ನಿಯಮ ಮಾಡಿಕೊಂಡಿದ್ದೇನೆ: ಬಿಲ್ಲು ಎಷ್ಟು ಉಳಿಯಿತೆನ್ನುತ್ತದೋ ಅಷ್ಟನ್ನು ಅವತ್ತೇ ಬೇರೆ ಖಾತೆಗೆ ಹಾಕುವುದು. ಕೂಪನ್ನು ಹೇಳಿದಂತೆ ಕೊಂಡ ತಿಂಗಳಲ್ಲಿ ಇದು ನಡೆಯುವುದಿಲ್ಲ, ಉಳಿದದ್ದನ್ನೆಲ್ಲ ಎತ್ತಿಟ್ಟರೆ ಇಪ್ಪತ್ತನೇ ತಾರೀಖಿಗೆ ಹಾಲಿಗೆ ದುಡ್ಡಿರುವುದಿಲ್ಲ. ಚೀಟಿ ಹೇಳಿದಂತೆ ಕೊಂಡ ತಿಂಗಳಲ್ಲಿ ಬಿಲ್ಲು ತೋರಿಸುವ ಉಳಿತಾಯ ಚಿಕ್ಕದು, ಖಾತೆಗೆ ಹೋಗುವುದು ದೊಡ್ಡದು. ಅಂಗಡಿಯ ಲೆಕ್ಕದಲ್ಲಿ ನಾನೀಗ ಏನೂ ಉಳಿಸಲು ಬಾರದ ಗಿರಾಕಿ. ಮರುಕಪಟ್ಟು ವಾರಕ್ಕೊಮ್ಮೆ ಮೊಬೈಲಿಗೆ ಸಂದೇಶ ಕಳಿಸುತ್ತಾರೆ: ನಿಮಗಾಗಿಯೇ 100 ರೂಪಾಯಿ ರಿಯಾಯಿತಿ. ಕೆಳಗೆ ಚಿಕ್ಕ ಅಕ್ಷರದಲ್ಲಿ, 799 ರೂಪಾಯಿ ದಾಟಿದರೆ.